ತಗಡಿನ ಕೆಳಗಿನ ಮಳೆ

ಬೀಳುವುದಕ್ಕೆ ಮೊದಲು ಹನಿ ಬಹಳ ಹೊತ್ತು ಯೋಚನೆ ಮಾಡುತ್ತಿತ್ತು. ತಲೆಯ ಮೇಲಿನ ಬಿದಿರಿನ ತಟ್ಟಿಯ ಒಂದು ಸೀಳಿನ ತುದಿಯಲ್ಲಿ ಮೊದಲು ಬರೀ ಹೊಳಪಾಗಿ ಕಾಣಿಸಿ, ಆಮೇಲೆ ಸಾಸಿವೆಯಷ್ಟಾಗಿ, ಕಡಲೆಯಷ್ಟಾಗಿ, ಇನ್ನೇನು ಬಿತ್ತು ಅನ್ನುವಾಗ ತಡೆದು ನಿಂತು, ಅಪ್ಪಣ್ಣ ಉಸಿರು ಹಿಡಿದು ಕೈಯಲ್ಲಿದ್ದ ತಂಬಿಗೆಯನ್ನು ಅದರ ಕೆಳಗೆ ಒಯ್ಯುವಷ್ಟರಲ್ಲಿ, ಅವನು ನೋಡದೇ ಇದ್ದ ಇನ್ನೊಂದು ಸೀಳಿನಿಂದ ಇನ್ನೊಂದು ಹನಿ ಸುಮ್ಮನೆ ಬಿದ್ದುಬಿಟ್ಟಿತು. ಬಿದ್ದದ್ದು ಅಕ್ಕನ ಗದ್ದದ ಮೇಲೆ. ಅಕ್ಕ ಸಂಗವ್ವ ಮಂಚದ ಮೇಲೆ ಅಂಗಾತ ಮಲಗಿದ್ದಳು. ಅವಳ ಎರಡೂ ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿತ್ತು. ಕಣ್ಣಿನ ಪೊರೆ ತೆಗೆದ ಡಾಕ್ಟರು ನಿನ್ನೆ ಸಂಜೆ ದವಾಖಾನೆಯಿಂದ ಕಳಿಸುವಾಗ ಹೇಳಿದ್ದರು: ತಲೆ ಅಲುಗಿಸಬಾರದು, ಕೆಮ್ಮಬಾರದು, ಅಳಬಾರದು, ನಗಬಾರದು, ಪಟ್ಟಿಗೆ ನೀರು ತಾಗಲೇಬಾರದು. ಅಕ್ಕ ಕೈಯನ್ನು ಮೆಲ್ಲಗೆ ಎತ್ತಿ ಗದ್ದ ಒರೆಸಿಕೊಂಡಳು.

"ಮಳಿ ಬರಾಕತ್ತೈತೇನೋ ತಮ್ಮಾ?"

ಅಪ್ಪಣ್ಣ ಕಿಟಕಿಯ ಗಾಜಿನಿಂದ ಹೊರಗೆ ನೋಡಿದ. ಸಂಕ್ರಾಂತಿ ಆಗಿ ಒಂದು ವಾರ. ಮಿರಜದ ಆಕಾಶದಲ್ಲಿ ಅಂಗೈಯಗಲದ ಮೋಡವೂ ಇರಲಿಲ್ಲ. ಎದುರು ಮನೆಯವರು ಮಾಳಿಗೆಯ ಮೇಲೆ ಗೋದಿ ಒಣಗಹಾಕಿದ್ದರು.

"ಹೂಂ ಅಕ್ಕಾ," ಅಂದ. "ಮಳಿ."

ಅಕ್ಕನ ಮುಂದೆ ಅವನ ಸುಳ್ಳು ಎಂದೂ ನಡೆದದ್ದಿಲ್ಲ. ಸುಳ್ಳು ಹೇಳುವಾಗ ಅವನ ಕಿವಿಯ ತುದಿ ಕೆಂಪಾಗುತ್ತದೆಂದು ಅವಳು ಕಂಡುಹಿಡಿದಿದ್ದಳು. ಕಂಡುಹಿಡಿದು ಅವನನ್ನು ಬಿಟ್ಟು ಬೇರೆ ಯಾರಿಗೂ ಹೇಳದೆ ತಮ್ಮಿಬ್ಬರಲ್ಲೇ ಇಟ್ಟುಕೊಂಡಿದ್ದಳು. ಈಗ ಪಟ್ಟಿಯ ಹಿಂದಿರುವ ಆ ಕಣ್ಣಿನಿಂದ ತಪ್ಪಿಸಿಕೊಂಡೆನೆಂಬ ಸಮಾಧಾನ ಒಂದು ಕ್ಷಣ ಬಂದು, ಮರುಕ್ಷಣವೇ ಅದು ಎಂಥ ಹೇಸಿ ಸಮಾಧಾನವೆಂದು ತೋರಿ, ಅವನು ತನ್ನ ಕಿವಿಯನ್ನು ಮುಟ್ಟಿ ನೋಡಿಕೊಂಡ. ಬಿಸಿಯಾಗಿತ್ತು. ಅಷ್ಟರಲ್ಲಿ ಅಕ್ಕ ಮಳೆಯ ವಿಚಾರವನ್ನು ಮುಂದುವರಿಸಿದಳು.

"ಇಂಥಾ ದಿವಸದಾಗ ಮಳಿ ಅಂದ್ರ ಕಡ್ಲಿ ಹೂವ ಎಲ್ಲಾ ಉದರತೈತಿ. ಮಂದಿ ಏನ ಮಾಡಬೇಕೋ ಪಾಪ."

"ಸಣ್ಣ ಮಳಿ ಅಕ್ಕಾ. ಹೊಲದ ಕಡೆ ಇಲ್ಲ. ಬುಧಗಾಂವ್ ಕಡೆ ಅಂತೂ ಒಂದ ಹನಿನೂ ಬಿದ್ದಿಲ್ಲ."

"ಇಲ್ಲಿಂದ ನಿನಗ ಬುಧಗಾಂವ್ ಕಾಣಸ್ತೈತೇನು?"

"ಗಾಡಿ ಹೊಡ್ಯಾಂವ ಒಬ್ಬ ಅಂದ."

"ಮಳಿ ಈಗರ ಹತ್ತೈತಿ. ಅಂವಾ ಯಾವಾಗ ಬಂದಾ, ಯಾವಾಗ ಅಂದಾ?"

ಅಪ್ಪಣ್ಣ ತಂಬಿಗೆಯನ್ನು ಆ ಕೈಯಿಂದ ಈ ಕೈಗೆ ಬದಲಿಸಿದ. ಇನ್ನೊಂದು ಹನಿ ಬಿತ್ತು.

ಮಿರಜದಲ್ಲಿ ಅಂಗಡಿ ಹಾಕಿಕೊಂಡ ಕನ್ನಡದವರ ಪ್ರತಿ ಮನೆಯಲ್ಲೂ ಒಂದು ಕೋಣೆ ರೋಗಿಗಳದು. ಅಥಣಿ, ಜಮಖಂಡಿ, ವಿಜಾಪುರದ ಕಡೆಯಿಂದ ನೆಂಟರು, ನೆಂಟರ ನೆಂಟರು, ಒಮ್ಮೊಮ್ಮೆ ಯಾರ ಕಡೆಯವರೆಂದು ವಾಪಸು ಹೋದ ಮೇಲೂ ಗೊತ್ತಾಗದವರು, ದವಾಖಾನೆಗೆಂದು ಗಂಟು ಹೊತ್ತು ರೈಲು ಇಳಿಯುತ್ತಾರೆ. ಮನೆತನದ ಹೆಸರು ಆ ಕೋಣೆಯ ಮೇಲೆ ನಿಂತಿರುತ್ತದೆ. ಅಪ್ಪಣ್ಣ ಅದನ್ನು ಮಾಳಿಗೆಯ ಮೇಲೆ ಹೊಸದಾಗಿ ಕಟ್ಟಿಸಿದ್ದ. ಮಣ್ಣು ಹಾಕಿದ ಮಾಳಿಗೆ ಹಳೇ ಕಾಲದ್ದಾಯಿತೆಂದು ಅದಕ್ಕೆ ಬೆಳ್ಳಗೆ ಹೊಳೆಯುವ ತಗಡು ಹೊದಿಸಿದ್ದ. ಹೋದ ಬೇಸಿಗೆಯಲ್ಲಿ ಹೆಂಡತಿಯ ತಮ್ಮ ಹೊಟ್ಟೆ ಕೊಯ್ಯಿಸಿಕೊಂಡು ಅಲ್ಲಿ ಮಲಗಿದವನು ಮಧ್ಯಾಹ್ನ ಬೆವರಿನಲ್ಲಿ ಎದ್ದು ಕುಳಿತು, "ಮಾವಾರ, ಈ ಮಗ್ಗಲಾ ಬೆಂದೈತಿ, ಹೊಳ್ಳಿಸಿ ಹಾಕ್ರಿ," ಅಂದಿದ್ದ. ಅಂದು ಗಂಟು ಕಟ್ಟಿಕೊಂಡು ಸಾಂಗಲಿಯ ಗುರಲಿಂಗನ ಮನೆಗೆ ಹೋಗಿಬಿಟ್ಟಿದ್ದ. ಗುರಲಿಂಗ ಅಪ್ಪಣ್ಣನ ಕಾಕಾನ ಮಗ, ಅರಿಸಿನದ ವ್ಯಾಪಾರಿ. ಅವನದು ಮೊಳದಪ್ಪ ಮಣ್ಣು ಹೊದ್ದ ಹಳೇ ಮಾಳಿಗೆ ಮನೆ, ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಹಾಗೆಂದು ಅವನು ಒಂದು ದಿನವೂ ಹೇಳಿಕೊಂಡವನಲ್ಲ. ಅದೇ ಅಪ್ಪಣ್ಣನಿಗೆ ತಡೆಯಲಾಗುತ್ತಿರಲಿಲ್ಲ. ಹೊಳ್ಳಿಸಿ ಹಾಕುವ ಮಾತು ಸಾಂಗಲಿಯ ಪೇಟೆಯನ್ನೆಲ್ಲ ಸುತ್ತಿ, ಅಲ್ಲಿ ಅರಿಸಿನ ಮೆತ್ತಿಕೊಂಡು, ಸೋಮವಾರದ ಹೊತ್ತಿಗೆ ಮಿರಜಕ್ಕೆ ತಿರುಗಿ ಬಂದಿತ್ತು. ಅಪ್ಪಣ್ಣನ ಬೆಲ್ಲದ ಅಂಗಡಿಯ ಗಿರಾಕಿಗಳು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತ ಸುಮ್ಮನೆ ಮೇಲೆ ನೋಡುತ್ತಿದ್ದರು.

ಆ ಮಾತು ನಿದ್ದೆಯಲ್ಲೂ ಅವನನ್ನು ಈ ಮಗ್ಗುಲಿಂದ ಆ ಮಗ್ಗುಲಿಗೆ ಹೊಳ್ಳಿಸಿತ್ತು. ಅಕ್ಕ ಕಣ್ಣಿನ ಪೊರೆ ತೆಗೆಸಲು ಬರುತ್ತಾಳೆಂದು ತಿಳಿದ ದಿನ ಅವನು ನಿಶ್ಚಯಿಸಿದ: ಮಂದಿ ಹೋದರೆ ಹೋಗಲಿ, ಅಕ್ಕ ಹೋಗಬಾರದು. ತಾಯಿ ಇಲ್ಲದ ಮನೆಯಲ್ಲಿ ಅವನ ತಲೆಗೆ ಎಣ್ಣೆ ಹಚ್ಚಿದವಳು ಅವಳು. ಸೆಕೆಯ ಮಧ್ಯಾಹ್ನ ಮೊರದಿಂದ ಗಾಳಿ ಬೀಸುತ್ತ ತಾನೇ ತೂಕಡಿಸಿ, ಮೊರ ಮೂಗಿಗೆ ಬಡಿದು ಇಬ್ಬರೂ ಎಚ್ಚರಾಗುತ್ತಿದ್ದದ್ದು, ಮಾಳಿಗೆಯ ಬೆಳಕಿಂಡಿಯಿಂದ ಬಿದ್ದ ಬಿಸಿಲ ಕೋಲಿನಲ್ಲಿ ಒಲೆಯ ಹೊಗೆ ಮೆಲ್ಲಗೆ ಮೇಲೆ ಹತ್ತಿ ಹೋಗುತ್ತಿದ್ದದ್ದು, ಎಲ್ಲ ಅವನಿಗೆ ನೆನಪಿತ್ತು. ಅಂಥ ಅಕ್ಕ ಅವನ ಮನೆ ದಾಟಿ ಗುರಲಿಂಗನ ಮನೆಯಲ್ಲಿ ಕಣ್ಣು ಬಿಡುವುದೆಂದರೇನು. ಅವನಿಗೆ ಗೊತ್ತಿದ್ದದ್ದು ಬೆಲ್ಲ. ಮಳೆಗಾಲದಲ್ಲಿ ಬೆಲ್ಲ ಬೆವರಿ ನೀರೊಡೆಯದಂತೆ ಕಾಯುವುದರಲ್ಲಿ ಮಿರಜದ ಪೇಟೆಯಲ್ಲಿ ಅವನ ಸಮಾನರಿಲ್ಲ: ಕೋಣೆಯ ನೆಲಕ್ಕೆ ಹೊಟ್ಟು, ಗೋಡೆಗೆ ಚಾಪೆ, ಮೇಲೆ ತಟ್ಟಿ ಕಟ್ಟಿ ಅದರ ಮೇಲೆ ಮತ್ತೆ ಹೊಟ್ಟು, ಬಾಗಿಲ ಸಂದಿಗೆಲ್ಲ ಸೆಗಣಿ ಮಣ್ಣು. ದಸರೆಗೆ ತೆಗೆದರೆ ಬೆಲ್ಲದ ಪೆಂಟೆಗಳು ಇಟ್ಟಾಗ ಹೇಗಿದ್ದವೋ ಹಾಗೇ ಗಟ್ಟಿ. ಅವನು ಅಕ್ಕನ ಕೋಣೆಗೂ ಅದನ್ನೇ ಮಾಡಿದ. ತಗಡಿಗೂ ತಟ್ಟಿಗೂ ನಡುವೆ ಭತ್ತದ ಹೊಟ್ಟನ್ನು ತುಂಬಿದ, ಗೋಡೆಗೆ ಎರಡೆರಡು ಚಾಪೆ ಹೊಡೆದ, ಮೇಲಿನ ಬೆಳಕಿಂಡಿಯನ್ನು ಗೋಣಿತಟ್ಟು ತುರುಕಿ ಮುಚ್ಚಿದ, ಕಿಟಕಿಯ ಸುತ್ತ ತಾನೇ ನಿಂತು ಬೆರಳಿನಿಂದ ಮಣ್ಣು ಮೆತ್ತಿದ. ಹೆಂಡತಿ ನೀಲಗಂಗವ್ವ ಬಾಗಿಲಲ್ಲಿ ನಿಂತು ನೋಡಿ, "ಅಕ್ಕಾರನ್ನ ದಸರಾಕ್ಕ ತಗೀತೀರೇನು?" ಎಂದು ಕೇಳಿದ್ದಳು.

ನಿನ್ನೆ ದವಾಖಾನೆಯ ಬಾಗಿಲಲ್ಲಿ ಗುರಲಿಂಗನೂ ಬಂದಿದ್ದ. ಎರಡು ಮನೆಯೂ ಅಕ್ಕನವೇ, ಅಕ್ಕ ಇವತ್ತೊಂದು ರಾತ್ರಿ ಹತ್ತಿರದ ಮನೆಯಲ್ಲಿರಲಿ, ಒಗ್ಗದಿದ್ದರೆ ನಾಳೆ ಗಾಡಿ ತಂದು ಸಾಂಗಲಿಗೆ ಕರೆದೊಯ್ಯುತ್ತೇನೆ ಅಂದಿದ್ದ. ತಪ್ಪಾದ ಮಾತು ಒಂದೂ ಇರಲಿಲ್ಲ. ಒಗ್ಗದಿದ್ದರೆ ಎಂಬ ಒಂದು ಪದವನ್ನು ಅಪ್ಪಣ್ಣ ರಾತ್ರಿಯೆಲ್ಲ ಬಾಯಲ್ಲಿ ಹುಣಸೆಬೀಜದಂತೆ ಉರುಳಿಸಿದ್ದ. ಆದರೆ ರಾತ್ರಿ ಚೆನ್ನಾಗಿಯೇ ಕಳೆದಿತ್ತು. ಓಣಿಯ ಹೆಂಗಸರೆಲ್ಲ ಅಕ್ಕನನ್ನು ನೋಡಲು ಬಂದು, ನಗಿಸಬಾರದೆಂದು ನಗೆಯ ಮಾತನ್ನೂ ಅಳಿಸಬಾರದೆಂದು ಅಳುವಿನ ಮಾತನ್ನೂ ಬಿಟ್ಟು, ಉಳಿದ ಮಾತನ್ನೆಲ್ಲ ಬಹಳ ಹೊತ್ತು ಆಡಿ ಹೋದರು. ನೀಲಗಂಗವ್ವ ಅಕ್ಕನ ಕಾಲಿಗೆ ಕಾಸಲೆಂದು ಬಿಸಿನೀರಿನ ಪಾತ್ರೆ ತಂದಿಟ್ಟಳು. ಹೊರಗೆ ಹಲ್ಲು ಕಡಿಸುವ ಚಳಿ. ಒಳಗೆ ಹೊದಿಕೆಯೇ ಬೇಡ. "ಎಷ್ಟ ಬೆಚ್ಚಗೈತೋ ಅಪ್ಪೂ, ಹೊಟ್ಯಾಗ ಇದ್ದಂಗ ಐತಿ," ಎಂದು ಅಕ್ಕ ಹೇಳಿದಾಗ ಅಪ್ಪಣ್ಣ ಕತ್ತಲಲ್ಲಿ ಒಬ್ಬನೇ ನಕ್ಕು, ಗುರಲಿಂಗನಿಗೆ ಹೇಳಬೇಕಾದ ಮಾತನ್ನು ಎರಡು ಸಲ ಮನಸ್ಸಿನಲ್ಲಿ ಹೇಳಿ ನೋಡಿ ಮಲಗಿದ್ದ.

ಬೆಳಿಗ್ಗೆ ತಗಡಿನ ಮೇಲೆ ಬಿಸಿಲು ಬೀಳುತ್ತಲೇ ಹನಿ ಶುರುವಾಯಿತು. ಬಿಸಿಲೇರಿದಷ್ಟೂ ಮಳೆ ಜೋರಾಯಿತು.

ಅವನು ಏಣಿ ಹತ್ತಿ ತಗಡಿನ ಮೇಲೆ ಕೈಯಾಡಿಸಿ ಬಂದಿದ್ದ. ಪೂರ್ತಿ ಒಣಗಿತ್ತು, ತೂತಿರಲಿಲ್ಲ. ದೀಪಾವಳಿಯಿಂದೀಚೆ ಮಳೆಯೇ ಆಗಿರಲಿಲ್ಲ. ಈ ನೀರು ಹಾಗಾದರೆ ಎಲ್ಲಿಯದು? ಬೆರಳಿಗೆ ಒಂದು ಹನಿ ಹಿಡಿದು ನಾಲಿಗೆಗೆ ಹಚ್ಚಿ ನೋಡಿದ. ಹೊಟ್ಟಿನ ರುಚಿ, ಮತ್ತೇನೂ ಇಲ್ಲ. ಆ ಹೊತ್ತಿಗೇ ನೀಲಗಂಗವ್ವ ಒಳಗೆ ಬಂದಳು. ಗಂಡ ಬೆರಳು ನೆಕ್ಕುತ್ತ ನಿಂತದ್ದನ್ನು ನೋಡಿದಳು, ತಟ್ಟಿ ನೋಡಿದಳು, ಅಕ್ಕನ ಮುಖ ನೋಡಿದಳು. ಒಂದು ಟವೆಲನ್ನು ನಾಲ್ಕು ಮಡಿಕೆ ಮಾಡಿ ಅಕ್ಕನ ಹಣೆಯ ಮೇಲೆ, ಪಟ್ಟಿಗೆ ಅಡ್ಡವಾಗಿ, ಚಳಿಗೆ ಹೊದಿಸಿದಂತೆ ಇಟ್ಟಳು.

"ಮಂಚಾ ಸರಸೂಣು," ಎಂದು ಅಪ್ಪಣ್ಣ ಪಿಸುಗುಟ್ಟಿದ.

ಇಬ್ಬರೂ ಅಕ್ಕನ ಸಮೇತ ಮಂಚವನ್ನು ಹೊಯ್ದಾಡದಂತೆ ಎತ್ತಿ ಗೋಡೆಯ ಕಡೆ ಸರಿಸಿದರು. ಹನಿ ಅಲ್ಲಿಗೂ ಬಂತು. ಬಾಗಿಲ ಕಡೆ ಸರಿಸಿದರು.

"ಎಲ್ಲಿಗೆ ಹೊಂಟೇವೋ?" ಅಂದಳು ಅಕ್ಕ.

"ಎಲ್ಲೂ ಇಲ್ಲ ಅಕ್ಕಾ. ಮಳಿ ಆ ಕಡೆಯಿಂದ ಹೊಡ್ಯಾಕತ್ತೈತಿ."

"ಈ ಕಡೆಯಿಂದೂ ಹೊಡ್ಯಾಕತ್ತೈತಲ್ಲ."

"ಗಾಳಿ ತಿರಗೇತಿ."

"ಗಾಳಿ ಎಲ್ಲೈತಿ ಅಪ್ಪೂ?" ಎಂದು ಅಕ್ಕ ಮೆತ್ತಗೆ ಕೇಳಿದಳು. ಅಲ್ಲಿ ನಿಜವಾಗಿಯೂ ಗಾಳಿ ಇರಲಿಲ್ಲ. ಅದು ಇರಬಾರದೆಂದೇ ಅವನು ಬೆರಳು ಸವೆಯುವಂತೆ ಮಣ್ಣು ಮೆತ್ತಿದ್ದ.

ಕೆಳಗೆ ಅಡಿಗೆಯ ಕೋಣೆಗೆ ಇನ್ನೊಂದು ಟವೆಲಿಗೆಂದು ಇಳಿದವನು ಒಲೆಯ ಮೇಲಿನ ಪಾತ್ರೆಯ ಮುಂದೆ ನಿಂತುಬಿಟ್ಟ. ಅಕ್ಕನ ಅಂಬಲಿ ಕುದಿಯುತ್ತಿತ್ತು. ಹಿಂದೆಯೇ ಇಳಿದುಬಂದ ನೀಲಗಂಗವ್ವ ಮುಚ್ಚಳ ತೆಗೆದು, ಸೌಟು ಆಡಿಸಲೆಂದು ಮುಚ್ಚಳವನ್ನು ಅವನ ಕೈಗೆ ಕೊಟ್ಟಳು. ಮುಚ್ಚಳದ ಹೊರಮೈ ಒಣಗಿತ್ತು. ತಿರುಗಿಸಿದರೆ ಒಳಮೈ ತುಂಬ ಹನಿ, ಒಂದು ಇನ್ನೊಂದನ್ನು ಕೂಡಿಕೊಂಡು, ದಪ್ಪವಾಗಿ, ಅಂಚಿಗೆ ಜಾರಿ ಅವನ ಕಾಲ ಮೇಲೆ ಬಿತ್ತು. ಆವಿ ಎಂಬುದು ಬಿಸಿಯ ಜೊತೆ ಮೇಲೆ ಹತ್ತುತ್ತದೆ. ದಾರಿ ಸಿಕ್ಕರೆ ಹೊರಗೆ ಹೋಗುತ್ತದೆ. ಸಿಗದಿದ್ದರೆ ತಣ್ಣಗಿನದನ್ನು ಮುಟ್ಟಿ ನೀರಾಗಿ ತಿರುಗಿ ಬರುತ್ತದೆ. ಇದನ್ನು ಅವನು ಹುಟ್ಟಿದಾಗಿನಿಂದ ನೋಡುತ್ತಲೇ ಇದ್ದ. ತಾವು ಪಾತ್ರೆಯ ಒಳಗಿದ್ದೇವೆಂದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ರಾತ್ರಿಯೆಲ್ಲ ಅಕ್ಕನ ಉಸಿರು, ಅವನ ಉಸಿರು, ನೀಲಗಂಗವ್ವನ ಬಿಸಿನೀರು, ಓಣಿಯ ಹೆಂಗಸರ ಅಷ್ಟೂ ಮಾತು, ತಟ್ಟಿಯ ಸಂದಿಯಿಂದ ಮೇಲೇರಿ, ಹೊಟ್ಟನ್ನು ಹಾದು, ಹೊರಗಿನ ಚಳಿಗೆ ಕೊರೆಯುತ್ತಿದ್ದ ತಗಡಿಗೆ ಹತ್ತಿ, ಹೊಟ್ಟಿನಲ್ಲಿ ಇಂಗಿ ಕೂತು, ಈಗ ಬಿಸಿಲು ಕಂಡು ಇಳಿಯುತ್ತಿದ್ದವು. ಬೆಲ್ಲ ಹೀಗೆ ಮಾಡುವುದಿಲ್ಲ. ಬೆಲ್ಲ ಉಸಿರಾಡುವುದಿಲ್ಲ, ನೆರೆಯವರನ್ನು ಕರೆದು ಮಾತಾಡುವುದಿಲ್ಲ, ಹೊಟ್ಯಾಗ ಇದ್ದಂಗ ಐತಿ ಅನ್ನುವುದಿಲ್ಲ. ಇಷ್ಟು ವರ್ಷ ಬೆಲ್ಲದ ಸಂಗದಲ್ಲಿದ್ದು, ಅಕ್ಕನೂ ಒಂದು ಪೆಂಟೆಯೆಂದು ತಿಳಿದುಬಿಟ್ಟೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೇ, ಮಳೆ ಅಂದದ್ದು ಪೂರ್ತಿ ಸುಳ್ಳೇನಲ್ಲ ಎಂಬ ವ್ಯಾಪಾರಿ ಸಮಾಧಾನವೂ ಒಂದಿಷ್ಟು ಬಂತು.

"ಕಿಟಕಿ ತಗೀಬೇಕಾಗ್ತೈತಿ," ಅಂದ.

"ತಗೀರಿ ಮತ್ತ. ನನ್ನೇನ ಕೇಳ್ತೀರಿ?" ಅಂದಳು ನೀಲಗಂಗವ್ವ ಸೌಟು ಆಡಿಸುತ್ತ.

"ಗುರಲಿಂಗ ಬರೂ ಹೊತ್ತು. ಅಂವಾ ಬಂದಾಗ ಮಣ್ಣ ಕೆದರಕೋತ ನಿಂತಿರಲೇನು?"

ಅವಳು ಅವನ ಕೈಯಿಂದ ಮುಚ್ಚಳ ತೆಗೆದುಕೊಂಡು, ಪಾತ್ರೆಯ ಮೇಲೆ ಅರ್ಧ ಓರೆಯಾಗಿ, ಒಂದು ಸಂದಿ ಬಿಟ್ಟು ಇಟ್ಟಳು. ಬಾಗಿಲಲ್ಲಿ ಟಾಂಗಾ ನಿಂತ ಸಪ್ಪಳ ಕೇಳಿಸಿತು.

ಗುರಲಿಂಗ ಮೆಟ್ಟಿಲ ಬುಡದಲ್ಲೇ ಚಪ್ಪಲಿ ಬಿಟ್ಟು, ಮಲಗಿದವರಿಗೆ ಸಪ್ಪಳವಾಗದಿರಲೆಂದು ಬೆರಳ ಮೇಲೆ ಹತ್ತಿ ಬಂದ. ಉದ್ದ ಕೋಟು, ಕರೀ ಟೊಪ್ಪಿಗೆ, ಉಗುರ ಸಂದಿಯಲ್ಲಿ ಅರಿಸಿನ, ಕೈಯಲ್ಲಿ ಛತ್ರಿ. ಬಿಸಿಲಿಗೆಂದು ಅವನು ಚಳಿಗಾಲದಲ್ಲೂ ಛತ್ರಿ ಬಿಡುತ್ತಿರಲಿಲ್ಲ. ಅಪ್ಪಣ್ಣ ಅವನ ಹಿಂದೆ ಶಾಲೆಗೆ ತಪ್ಪಿಸಿಕೊಂಡು ಸಿಕ್ಕಿಬಿದ್ದವನಂತೆ ಹತ್ತಿದ.

"ಅಕ್ಕಾ, ನಾ ಗುರಲಿಂಗ ಬಂದೇನಿ."

"ಬಾರೋ ತಮ್ಮಾ. ತೊಯಿಸಿಕೊಂಡ ಬಂದ್ಯೇನು?"

ಗುರಲಿಂಗ ತನ್ನ ಒಣ ಕೋಟನ್ನು ನೋಡಿಕೊಂಡ. "ಇಲ್ಲಲ್ಲಕ್ಕಾ. ಯಾಕ?"

"ಮಳ್ಯಾಗ ಬಂದಿ, ಅದಕ್ಕ ಕೇಳಿದೆ."

ಗುರಲಿಂಗ ಅಪ್ಪಣ್ಣನನ್ನು ನೋಡಿದ. ಅಪ್ಪಣ್ಣ ಗೋಡೆಯನ್ನು ನೋಡಿದ. ಗೋಡೆಯ ಚಾಪೆ ಒದ್ದೆಯಾಗಿ ಕಪ್ಪಗೆ ಜೋತಿತ್ತು. ಆಗ ಒಂದು ಹನಿ ಗುರಲಿಂಗನ ಟೊಪ್ಪಿಗೆಯ ಮೇಲೆ ಬಿತ್ತು. ಅವನು ತಲೆ ಎತ್ತಿ ತಟ್ಟಿಯನ್ನು, ತಟ್ಟಿಯ ಸಂದಿಯಲ್ಲಿ ಇಣುಕುವ ಹೊಟ್ಟನ್ನು, ಬೆಳಕಿಂಡಿಗೆ ತುರುಕಿದ ಗೋಣಿತಟ್ಟನ್ನು ಒಂದೊಂದಾಗಿ ನೋಡಿದ. ಅರಿಸಿನವೂ ಬೆವರುವ ಸರಕೇ. ಅವನಿಗೆ ಎಲ್ಲ ತಿಳಿದುಹೋಯಿತೆಂದು ಅಪ್ಪಣ್ಣ ಅವನ ಹುಬ್ಬಿನಲ್ಲೇ ಓದಿದ. ಈಗ ಇವನೊಂದು ಮಾತು ಅಂದರೆ ಸಾಕು. ಹೋದ ಬೇಸಿಗೆಯಲ್ಲಿ ಸುಟ್ಟ, ಈ ಚಳಿಯಲ್ಲಿ ಕುದಿಸಿದ ಎಂದರೆ ಸಾಕು, ಸಂಜೆಯೊಳಗೆ ಸಾಂಗಲಿಯ ಪೇಟೆಗೆಲ್ಲ, ನಾಳೆ ಮಾಧವನಗರಕ್ಕೂ ಹಬ್ಬುತ್ತದೆ. ಅಪ್ಪಣ್ಣ ಆ ಮಾತಿಗೆ ಮೈ ಗಟ್ಟಿ ಮಾಡಿಕೊಂಡು ನಿಂತ.

"ದಾರ್ಯಾಗ ಇರಲಿಲ್ಲಕ್ಕಾ," ಅಂದ ಗುರಲಿಂಗ. "ಇಲ್ಲೇ ಬಂದ ಮ್ಯಾಲ ಹತ್ತಿತು."

"ಅಪ್ಪೂನೂ ಹಂಗ ಅಂದಾ. ಮಿರಜದಾಗ ಅಷ್ಟ ಐತಂತ."

ಅಕ್ಕನ ತುಟಿ ಅದುರುತ್ತಿತ್ತು. ಅಳುತ್ತಿದ್ದಾಳೆಂದುಕೊಂಡು ಅಪ್ಪಣ್ಣ ಮಂಚದ ಹತ್ತಿರ ಬಂದ. ಅಂಬಲಿ ಹಿಡಿದು ಬಂದ ನೀಲಗಂಗವ್ವ ಬಟ್ಟಲನ್ನು ಕೆಳಗಿಟ್ಟು, ಅಕ್ಕನ ಕೈ ಹಿಡಿದು ಒತ್ತಿದಳು. "ಅಕ್ಕಾರ, ನಗಬ್ಯಾಡ್ರಿ. ಡಾಕ್ಟರ ಹೇಳ್ಯಾರ."

"ನಗವಲ್ಲೆವ್ವಾ. ಎಲ್ಲಿ ನಗಾಕತ್ತೇನಿ," ಎಂದಳು ಅಕ್ಕ, ತುಟಿಯನ್ನು ಹಲ್ಲಿನಿಂದ ಹಿಡಿದು.

ಅಪ್ಪಣ್ಣನ ಕಿವಿ ಮತ್ತೆ ಬಿಸಿಯಾಯಿತು.

"ಗಾಡಿ ತಂದೇನಿ," ಅಂದ ಗುರಲಿಂಗ. "ಮನಿಯಾಗ ಹಾಸಿ ಇಟ್ಟಾರ. ಖುರ್ಚಿ ಮ್ಯಾಲ ಕುಂದರಸಿ ಮೆಲ್ಲಕ ಇಳಸ್ತೇವಿ. ನೀವ ಹೆಂಗ ಅಂತೀರಿ ಹಂಗ."

ಹನಿ ಒಂದು ಅಕ್ಕನ ತೆರೆದ ಅಂಗೈಯಲ್ಲಿ ಬಿತ್ತು. ಅವಳು ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ಪಟ್ಟಿಗೆ ನೀರ ಹತ್ತಬಾರದಂತ. ಇಂಥಾ ಮಳ್ಯಾಗ ಹೊರಗ ಹೆಂಗ ಬರ್ಲೋ ಗುರಲಿಂಗಾ? ನಿಂತ ಮ್ಯಾಲ ನೋಡೂಣು."

ಕೆಳಗಿನಿಂದ ಟಾಂಗಾದವನು ಮರಾಠಿಯಲ್ಲಿ ಕೂಗಿದ: "ಶೇಠ, ಚಲಾ ಕೀ. ಊನ ವಾಢಾಯ ಲಾಗಲಂಯ." ಬಿಸಿಲು ಏರುತ್ತಿದೆಯೆಂದು ಅವನ ತಕರಾರು. ಅಕ್ಕನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ನಾಲ್ವರೂ ಇದು ಉಳಿದ ಮೂವರಿಗೆ ಕೇಳಿಸಲಿಲ್ಲವೆಂದು ನಂಬಿದರು.

"ಪಾಪ, ಅವನ ಕುದರಿ ತೊಯ್ಯಾಕತ್ತಿರಬೇಕು," ಅಂದಳು ಅಕ್ಕ.

ಗುರಲಿಂಗ ಛತ್ರಿ ಬಿಚ್ಚಿದ. ಕೋಣೆಯೊಳಗೆ ಅದು ಬಹಳ ದೊಡ್ಡದಾಗಿ ಕಂಡಿತು. ಅದನ್ನು ಅಕ್ಕನ ಮುಖದ ಮೇಲೆ ಹಿಡಿದು, ಬಾಗಿಲಲ್ಲಿ ನಿಂತ ಕಾವಲುಗಾರನಷ್ಟು ಗಂಭೀರವಾಗಿ ನಿಂತುಕೊಂಡ. ಹನಿಗಳು ಕಪ್ಪು ಬಟ್ಟೆಯ ಮೇಲೆ ಟಪ್ ಟಪ್ ಬಿದ್ದು ಕಡ್ಡಿಯ ತುದಿಯಿಂದ ಅವನ ಹೆಗಲಿಗೇ ಇಳಿದವು. ಅವನು ಹೆಗಲು ಸರಿಸಲಿಲ್ಲ. ಇಷ್ಟು ವರ್ಷ ಈ ಮನುಷ್ಯನ ಮೇಲೆ ಯಾವುದಕ್ಕಾಗಿ ಹೊಟ್ಟೆ ಉರಿದುಕೊಂಡೆನೆಂದು ಅಪ್ಪಣ್ಣ ನೆನಪು ಮಾಡಿಕೊಳ್ಳಲು ನೋಡಿದ. ಆತನ ಮಾಳಿಗೆ ತಂಪಾಗಿತ್ತು, ಅಷ್ಟೇ.

ನಿಂತ ಮೇಲೆ ನೋಡೋಣ ಎಂದಿದ್ದಳು ಅಕ್ಕ. ಮಳೆ ನಿಲ್ಲಿಸುವುದು ಈ ಲೋಕದಲ್ಲಿ ಈಗ ಅಪ್ಪಣ್ಣನ ಒಬ್ಬನ ಕೈಯಲ್ಲಿತ್ತು. ಕಿಟಕಿ ತೆರೆದರೆ ಒಣಗಾಳಿ ಬರುತ್ತದೆ, ಬೆಳಕಿಂಡಿ ಬಿಚ್ಚಿದರೆ ಆವಿ ಹೋಗುತ್ತದೆ, ಹನಿ ನಿಲ್ಲುತ್ತದೆ, ಹನಿ ನಿಂತರೆ ಅಕ್ಕ ಹೋಗುತ್ತಾಳೆ. ತೆರೆಯದಿದ್ದರೆ ಅಕ್ಕ ಇರುತ್ತಾಳೆ, ಛತ್ರಿಯ ಕೆಳಗೆ, ಈ ಒದ್ದೆಯಲ್ಲಿ. ಒಂದು ಕ್ಷಣ, ನಿಜವಾಗಿಯೂ ಒಂದು ಕ್ಷಣ, ಸಂಜೆಯ ತನಕ ಮಳೆ ನಡೆಯಲೆಂದು ಅವನಿಗೆ ಅನ್ನಿಸಿತು. ಆಮೇಲೆ ಅವನು ಸೊಂಟದಿಂದ ಅಂಗಡಿಯ ಕೀಲಿಕೈ ತೆಗೆದು, ಗುರಲಿಂಗ ನೋಡುತ್ತಿದ್ದಾನೆಂದು ಗೊತ್ತಿದ್ದೂ, ಕಿಟಕಿಯ ಸುತ್ತಲಿನ ಮಣ್ಣನ್ನು ಕೆದರತೊಡಗಿದ. ಅದು ಅವನು ಮೆತ್ತಿದ ಮಣ್ಣು, ಸುಲಭಕ್ಕೆ ಬಿಡಲಿಲ್ಲ. ಕದ ಕಿರ್ರೆಂದು ತೆರೆದುಕೊಂಡು, ಕೃಷ್ಣೆಯ ಕಡೆಯ ಒಣ ಚಳಿಗಾಳಿ, ಗೋದಿಯ ಧೂಳಿನ ಜೊತೆ ಒಳಗೆ ಬಂತು. ಸ್ಟೂಲು ಹತ್ತಿ ಬೆಳಕಿಂಡಿಯ ಗೋಣಿತಟ್ಟನ್ನೂ ಎಳೆದು ಹಾಕಿದ. ಮೈಮೇಲೆಲ್ಲ ಒದ್ದೆ ಹೊಟ್ಟು ಸುರಿಯಿತು.

"ಅಕ್ಕಾ, ಕಿಟಕಿ ತಗದೇನಿ," ಅಂದ ಸ್ಟೂಲಿನ ಮೇಲಿಂದಲೇ. "ಇನ್ನ ಸ್ವಲ್ಪದಾಗ ನಿಲ್ಲತೈತಿ."

"ಹೂಂ," ಎಂದಳು ಅಕ್ಕ.

ನೀಲಗಂಗವ್ವ ಅಕ್ಕನಿಗೆ ದುಪ್ಪಟಿ ಹೊದಿಸಿ, ಚಮಚೆಯಿಂದ ಅಂಬಲಿ ಕುಡಿಸಿದಳು. ಛತ್ರಿಯ ಮೇಲಿನ ಸಪ್ಪಳ ವಿರಳವಾಯಿತು. ಎರಡು ಹನಿಗಳ ನಡುವೆ ಒಂದು ಮಾತಾಡುವಷ್ಟು ಬಿಡುವು, ಆಮೇಲೆ ಎರಡು ಮಾತಿನಷ್ಟು. ಬಟ್ಟಲು ಖಾಲಿಯಾಗುವ ಹೊತ್ತಿಗೆ ಸಪ್ಪಳ ಪೂರ್ತಿ ನಿಂತಿತ್ತು. ಅಪ್ಪಣ್ಣ ಅಕ್ಕನ ಬಾಯನ್ನೇ ನೋಡುತ್ತಿದ್ದ. ಅವಳು ಅಂಬಲಿ ಹತ್ತಿದ ತುಟಿಯನ್ನು ಒರೆಸಿಕೊಂಡು, ಮಳೆ ನಿಂತಿತೆಂದು ಅನ್ನದೆ ಮಲಗಿದಳು. ಗುರಲಿಂಗ ತಲೆ ಎತ್ತಿ ತಟ್ಟಿಯನ್ನು ಒಮ್ಮೆ ನೋಡಿದ, ಅಕ್ಕನನ್ನು ಒಮ್ಮೆ. ಛತ್ರಿಯನ್ನು ಮುಚ್ಚದೆ ಹಾಗೆಯೇ ಅಪ್ಪಣ್ಣನ ಕೈಗೆ ಕೊಟ್ಟು, ಕಿಟಕಿಯ ಹತ್ತಿರ ಹೋಗಿ ಕೆಳಗೆ ಬಾಗಿದ.

"ಘರೀ ಜಾ ರೇ," ಎಂದು ಟಾಂಗಾದವನಿಗೆ ಕೂಗಿ ಹೇಳಿದ. ಮನೆಗೆ ಹೋಗು, ಇವತ್ತು ಯಾರೂ ಬರುವುದಿಲ್ಲ. "ಪಾವಸ ಆಹೆ." ಮಳೆ ಇದೆ.

ಅಪ್ಪಣ್ಣನಿಗೆ ಛತ್ರಿಯ ಅಂಚಿನ ಕೆಳಗಿಂದ ಬೀದಿ ಕಾಣುತ್ತಿತ್ತು. ಟಾಂಗಾದವನು ಆಕಾಶ ನೋಡಿದ. ಅಂಗೈ ಚಾಚಿ ಕೆಲ ಹೊತ್ತು ಹಿಡಿದು ನೋಡಿದ. ಮತ್ತೆ ಕಿಟಕಿಯಲ್ಲಿದ್ದ ಶೇಠರ ಮುಖ ನೋಡಿ, ಅಂಥ ಮನುಷ್ಯ ಸುಮ್ಮನೆ ಹೇಳಲಿಕ್ಕಿಲ್ಲವೆಂದುಕೊಂಡನೋ ಏನೋ, ಸೀಟಿನ ಕೆಳಗಿನಿಂದ ಗೋಣಿಯೊಂದನ್ನು ಎಳೆದು ಕುದುರೆಯ ಬೆನ್ನಿಗೆ ಹೊದಿಸಿದ.